ಎಂಜಿನ್ ಬದಲಿಸಿದ ಕಾರಿಗೆ ಕ್ಯಾಲಿಫೋರ್ನಿಯಾದ ಸ್ಮಾಗ್ ಪ್ರಮಾಣಪತ್ರ ಪಡೆಯುವ ದಾರಿ

ಕ್ಯಾಲಿಫೋರ್ನಿಯಾದ ವಾಹನ ಹೊಗೆ ಪರೀಕ್ಷೆಯಾದ ಸ್ಮಾಗ್ ಚೆಕ್‌ನಲ್ಲಿ ತೊಡಕಿನ ಕಾರುಗಳ ತೀರ್ಪು ಕೊಡುವವರು ರೆಫರಿ. ನನ್ನ ಕಾರಿನ ಬಾನೆಟ್ ತೆರೆದ ರೆಫರಿ ಎಂಜಿನ್ನಿನ ಕಡೆ ಕಣ್ಣು ಹಾಯಿಸಿದ್ದು ಅರ್ಧ ನಿಮಿಷ ಮಾತ್ರ. ಆಮೇಲೆ ಉದ್ದ ಹಿಡಿಯ ಕನ್ನಡಿ ಮತ್ತು ಟಾರ್ಚ್ ಹಿಡಿದು ಕಾರಿನಡಿಗೆ ಬಾಗಿದರು. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಮೈಮೇಲೆ ಒತ್ತಿದ್ದ ಸಂಖ್ಯೆಯನ್ನು ಓದಿಕೊಂಡು, ಕಂಪ್ಯೂಟರಿನಲ್ಲಿ ಹುಡುಕಿ, ತಲೆ ಅಲ್ಲಾಡಿಸಿದರು. ಆ ಕನ್ವರ್ಟರಿಗೆ ಇದ್ದ ಅನುಮತಿ ಬೇರೆ ಎಂಜಿನ್ನಿಗೆ. ಹೊಗೆ ಅಳೆಯುವ ಕೊಳವೆಯನ್ನು ಸೈಲೆನ್ಸರಿಗೆ ತೂರಿಸುವ ಮೊದಲೇ ನನ್ನ ಕಾರು ಫೇಲಾಗಿತ್ತು. ಅದರ ಹೊಗೆ ಎಷ್ಟು ಶುದ್ಧವಾಗಿತ್ತು ಎಂಬುದು ಆ ದಿನ ಲೆಕ್ಕಕ್ಕೇ ಬರಲಿಲ್ಲ.

ಹೊಗೆ ಪರೀಕ್ಷೆ ಎಂದರೆ ಹೊಗೆಯ ಪರೀಕ್ಷೆ ಎಂದುಕೊಂಡಿದ್ದೆ. ಎಂಜಿನ್ ಬದಲಿಸಿದ ಕಾರಿಗೆ ಅದು ಎಂಜಿನ್ ಆಯ್ಕೆಯ ಪರೀಕ್ಷೆ, ಬಿಡಿಭಾಗಗಳ ಪರೀಕ್ಷೆ, ದಾಖಲೆಗಳ ಪರೀಕ್ಷೆ. ಹೊಗೆಯ ಸರದಿ ಕೊನೆಯದು. ಅಡಿಕೆ ಸಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಡುವಾಗ ಬೇರಿಗೆ ಹಿಡಿದ ಮಣ್ಣಿನ ಸಮೇತ ಎತ್ತುತ್ತೇವಲ್ಲ, ಎಂಜಿನ್ನನ್ನೂ ಹಾಗೆಯೇ ಎತ್ತಬೇಕು: ಅದರ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್), ಸೆನ್ಸರುಗಳು, ಕನ್ವರ್ಟರ್, ಪೆಟ್ರೋಲ್ ಆವಿ ಹಿಡಿಯುವ ಡಬ್ಬಿ, ಎಲ್ಲವನ್ನೂ ಕೂಡಿಸಿ. ಈ ಲೇಖನದ ಉದ್ದಕ್ಕೂ ನಾನು ಹೇಳುವುದು ಇದನ್ನೇ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಕೆಲಸ ಮಾಡುತ್ತ, ವಾರಾಂತ್ಯದಲ್ಲಿ ಗ್ಯಾರೇಜಿನ ಬಾಗಿಲು ಎತ್ತಿ ಹಳೆಯ ಕಾರು ಬಿಚ್ಚುವ ಕನ್ನಡಿಗರು ಈಗ ಸಾಕಷ್ಟು ಜನರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಉದಾಹರಣೆ 1993ರ ಹೋಂಡಾ ಸಿವಿಕ್. ಅದರ 1.5 ಲೀಟರ್ ಎಂಜಿನ್ ತೆಗೆದು ಅಕ್ಯುರಾ ಇಂಟೆಗ್ರಾದ 1.8 ಲೀಟರ್ ಎಂಜಿನ್ ಕೂರಿಸಿದ್ದೇನೆ. ನಿಮ್ಮದು ಬೇರೆ ಕಾರಾದರೂ ದಾರಿ ಒಂದೇ.

ಮೊದಲು ನಿಯಮ, ಆಮೇಲೆ ಸ್ಪ್ಯಾನರ್

ಲಾಸ್ ಏಂಜಲೀಸಿನ ಕಣ್ಣುರಿಸುವ ಮಂಜು, ಅಂದರೆ ಸ್ಮಾಗ್, ವಾಹನಗಳ ಹೊಗೆ ಮತ್ತು ಬಿಸಿಲು ಸೇರಿ ಹುಟ್ಟುವಂಥದ್ದು ಎಂದು 1950ರ ದಶಕದಲ್ಲಿ ತೋರಿಸಿಕೊಟ್ಟವರು ಕ್ಯಾಲ್‌ಟೆಕ್‌ನ ರಸಾಯನಶಾಸ್ತ್ರಜ್ಞ ಆರಿ ಹಾಗೆನ್‌ಸ್ಮಿಟ್. ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿ, ಎಲ್ಲರೂ ಕಾರ್ಬ್ ಎಂದು ಕರೆಯುವ ಸಂಸ್ಥೆ, 1967ರಲ್ಲಿ ರೂಪುಗೊಂಡಾಗ ಅದರ ಮೊದಲ ಅಧ್ಯಕ್ಷರೂ ಅವರೇ. ಸ್ಮಾಗ್ ಚೆಕ್ 1984ರಲ್ಲಿ ಆರಂಭವಾಯಿತು. ಅದನ್ನು ನಡೆಸುವುದು ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್, ಅಂದರೆ ಬಿಎಆರ್. ಈ ಕಾನೂನುಗಳನ್ನು ಶಪಿಸುವ ಗೆಳೆಯರು ನನಗೂ ಇದ್ದಾರೆ. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೆದ್ದಾರಿಯ ದಟ್ಟಣೆಯಲ್ಲಿ ನಿಂತಾಗೆಲ್ಲ ನನಗೆ ಅವು ಬೇಕು ಅನ್ನಿಸುತ್ತದೆ.

1975 ಅಥವಾ ಅದಕ್ಕೂ ಹಿಂದಿನ ಮಾದರಿ ವರ್ಷದ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಚೆಕ್ ಇಲ್ಲ. 1976ರಿಂದ ಈಚಿನವುಗಳಿಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದೆ. ಆ ಸಾಲಿಗೆ ಸೇರಿದ ಕಾರಿಗೆ ಬೇರೆ ಎಂಜಿನ್ ಹಾಕಿದರೆ ಪಾಲಿಸಬೇಕಾದ ಮುಖ್ಯ ನಿಯಮಗಳನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ:

1. ಎಂಜಿನ್ ನಿಮ್ಮ ಕಾರಿನ ವರ್ಷದ್ದಾಗಿರಬೇಕು ಅಥವಾ ಅದಕ್ಕಿಂತ ಹೊಸದಾಗಿರಬೇಕು. 1993ರ ಕಾರಿಗೆ 1994ರ ಎಂಜಿನ್ ಸರಿ, 1991ರದ್ದು ಆಗದು.

2. ಅದು ಒಂದೇ ಬಗೆಯ ವಾಹನದಿಂದ ಬಂದಿರಬೇಕು. ಪ್ರಯಾಣಿಕರ ಕಾರಿಗೆ ಭಾರಿ ಟ್ರಕ್ಕಿನ ಎಂಜಿನ್ ಹಾಕುವಂತಿಲ್ಲ, ಏಕೆಂದರೆ ಟ್ರಕ್ಕಿನ ಹೊಗೆಯ ಮಿತಿ ಸಡಿಲ. ಕಾರಿಗೆ ಮೊದಲು ಇದ್ದ ಪ್ರಮಾಣಕ್ಕಿಂತ ಸಡಿಲವಾದದ್ದು ಬರಕೂಡದು ಎಂಬುದೇ ಇದರ ತಿರುಳು.

3. ನಿಮ್ಮ ಕಾರು ಕ್ಯಾಲಿಫೋರ್ನಿಯಾ ಪ್ರಮಾಣೀಕೃತವಾಗಿದ್ದರೆ ಎಂಜಿನ್ ಕೂಡ ಹಾಗೆಯೇ ಇರಬೇಕು. ಉಳಿದ ರಾಜ್ಯಗಳಿಗಾಗಿ ತಯಾರಿಸಿದ ಎಂಜಿನ್ ಹೊರನೋಟಕ್ಕೆ ಇದರಂತೆಯೇ ಇರಬಹುದು. ಆದರೂ ಅದು ಬೇರೆ.

4. ಎಂಜಿನ್ನಿನ ಜೊತೆ ಅದರ ಹೊಗೆ ನಿಯಂತ್ರಣದ ಸಕಲ ಭಾಗಗಳೂ ಬಂದು, ಕೆಲಸ ಮಾಡುತ್ತಿರಬೇಕು. ಎರಡು ವ್ಯವಸ್ಥೆಗಳನ್ನು ಬೆರೆಸಿ ಮೂರನೆಯದನ್ನು ಮಾಡುವುದಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಇಲ್ಲ.

5. ಕ್ಯಾಮ್ ಶಾಫ್ಟ್, ಪಿಸ್ಟನ್, ಇನ್‌ಟೇಕ್ ಯಾವುದನ್ನೇ ಬದಲಿಸಿದರೂ ಆ ಭಾಗಕ್ಕೆ, ಹಾಕಿರುವ ಎಂಜಿನ್ನಿಗೆ ಅನ್ವಯಿಸುವ ಕಾರ್ಬ್ ಅನುಮತಿ ಇರಬೇಕು. ಅನುಮತಿ ಇದ್ದರೆ ಭಾಗದ ಮೇಲೆ ಅಥವಾ ಅದರ ಲೇಬಲ್ಲಿನ ಮೇಲೆ ಇಒ ಸಂಖ್ಯೆ ಇರುತ್ತದೆ. ಇಒ ಎಂದರೆ ಎಕ್ಸಿಕ್ಯುಟಿವ್ ಆರ್ಡರ್.

ಇಷ್ಟಾದ ಮೇಲೆ ಕಾರು ಹೋಗಬೇಕಾದದ್ದು ರಸ್ತೆ ಬದಿಯ ಸ್ಮಾಗ್ ಅಂಗಡಿಗಲ್ಲ, ಸ್ಮಾಗ್ ಚೆಕ್ ರೆಫರಿಯ ಬಳಿಗೆ. ಎಂಜಿನ್ ಬದಲಾದ ಕಾರನ್ನು ಮೊದಲ ಸಲ ನೋಡಿ ಒಪ್ಪಿಗೆ ಕೊಡುವ ಅಧಿಕಾರ ಅವರದ್ದು. "ಪರಿಚಯದ ಅಂಗಡಿಯಲ್ಲಿ ಮಾಡಿಸಿಕೊಡುತ್ತೇನೆ" ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಹಾಗೆ ಪಡೆದ ಕಾಗದ ಮೋಸದ ಕಾಗದ. ಮುಂದಿನ ಪರೀಕ್ಷೆಯಲ್ಲಿ ಪ್ರಾಮಾಣಿಕ ತಂತ್ರಜ್ಞರೊಬ್ಬರು ಬಾನೆಟ್ ತೆರೆದ ಕೂಡಲೇ ಎಲ್ಲ ಬಯಲಾಗುತ್ತದೆ.

ಯಾವ ಎಂಜಿನ್? ಇಲ್ಲಿ ಅವಸರ ಬೇಡ

ನಿಜವಾದ ತೀರ್ಮಾನ ಇರುವುದು ಇಲ್ಲೇ. ಎಂಜಿನ್ ಕೊಡುವ ಕಾರನ್ನು ಮುಂದೆ ದಾನಿ ಕಾರು ಎನ್ನುತ್ತೇನೆ.

1996ನೇ ಮಾದರಿ ವರ್ಷ ಒಂದು ಗಡಿಗೆರೆ. ಅಲ್ಲಿಂದ ಮುಂದೆ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಒಬಿಡಿ-2 ಎಂಬ ಸ್ವಯಂ ತಪಾಸಣಾ ವ್ಯವಸ್ಥೆ ಇದೆ. ಅದಕ್ಕೂ ಹಿಂದಿನವುಗಳಲ್ಲಿ ಸರಳವಾದ ಹಳೆಯ ಕಂಪ್ಯೂಟರ್ ಇದೆ. 1993ರ ಸಿವಿಕ್‌ಗೆ 1994–95ರ ಇಂಟೆಗ್ರಾ ಎಂಜಿನ್ ಹಾಕಬಹುದು, 1996–2001ರ ಇಂಟೆಗ್ರಾ ಎಂಜಿನ್ನನ್ನೂ ಹಾಕಬಹುದು. ಕಬ್ಬಿಣವಾಗಿ ಎರಡೂ ಹೆಚ್ಚುಕಡಿಮೆ ಒಂದೇ. ಪರೀಕ್ಷೆಯ ದೃಷ್ಟಿಯಿಂದ ಅಜಗಜಾಂತರ.

1996ರ ಈಚಿನ ಎಂಜಿನ್ ತಂದರೆ ಅದರ ಇಸಿಯು, ಕನ್ವರ್ಟರಿನ ಹಿಂದಿರುವ ಎರಡನೆಯ ಆಕ್ಸಿಜನ್ ಸೆನ್ಸರ್, ಕ್ರ್ಯಾಂಕ್ ಶಾಫ್ಟಿನ ತಿರುಗುವಿಕೆಯ ಏರಿಳಿತ ಹಿಡಿಯುವ ಸೆನ್ಸರ್, ಒಬಿಡಿ-2ರ ಹದಿನಾರು ಪಿನ್ನಿನ ಕನೆಕ್ಟರ್, ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಚೆಕ್ ಎಂಜಿನ್ ದೀಪ, ಇವಿಷ್ಟೂ ಬೇಕು. ದಾನಿ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಒತ್ತಡ ಅಳೆಯುವ ಸೆನ್ಸರ್ ಇದ್ದರೆ ಅದೂ ಬೇಕು, ಎಂದರೆ ಕೆಲಸ ಬಾನೆಟ್ಟಿನಿಂದ ಹಿಂದಿನ ಟ್ಯಾಂಕಿನವರೆಗೂ ಹೋಗುತ್ತದೆ. ಇದರ ಒಳಿತು ಏನೆಂದರೆ ಕಾರು ತನ್ನ ರೋಗವನ್ನು ತಾನೇ ಹೇಳುತ್ತದೆ. ನಿಮ್ಮ ಕಾರೇ 2000 ಅಥವಾ ಅನಂತರದ ಮಾದರಿ ವರ್ಷದ್ದಾಗಿದ್ದರೆ ಸಾಮಾನ್ಯ ಪರೀಕ್ಷೆಯಲ್ಲಿ ಸೈಲೆನ್ಸರಿಗೆ ಕೊಳವೆಯನ್ನೂ ಹಾಕುವುದಿಲ್ಲ, ಕಂಪ್ಯೂಟರಿನ ಮಾತನ್ನೇ ಕೇಳುತ್ತಾರೆ.

1994–95ರ ಎಂಜಿನ್ ತಂದರೆ ಸಿವಿಕ್‌ನ ಕನೆಕ್ಟರಿಗೆ ಇಂಟೆಗ್ರಾದ ಇಸಿಯು ನೇರವಾಗಿ ಕೂರುತ್ತದೆ. ಆ ವರ್ಷಗಳ 1.8 ಲೀಟರ್ ಎಲ್‌ಎಸ್ ಮಾದರಿಯ ಇಸಿಯುವಿನ ಮೇಲೆ ಪಿ75 ಎಂಬ ಗುರುತು ಇರುತ್ತದೆ. ವೈರಿಂಗ್ ಬಹಳ ಕಡಿಮೆ. ಆದರೆ ಹೊಗೆಯನ್ನು ಅಳೆದೇ ಅಳೆಯುತ್ತಾರೆ, ಇಗ್ನಿಷನ್ ಟೈಮಿಂಗನ್ನೂ, ಅಂದರೆ ಸಿಲಿಂಡರಿನಲ್ಲಿ ಕಿಡಿ ಹಾರುವ ಹೊತ್ತನ್ನೂ, ನೋಡುತ್ತಾರೆ.

ನಾನು ಆರಿಸಿದ್ದು 1994ರದ್ದನ್ನು. ಸಿವಿಕ್ ಮತ್ತು ಇಂಟೆಗ್ರಾ ಒಂದೇ ಅಡಿಪಾಯದ ಅಣ್ಣ ತಮ್ಮಂದಿರಾದ್ದರಿಂದ ಮೌಂಟುಗಳ ತೊಡಕು ಕಡಿಮೆ. 102 ಅಶ್ವಶಕ್ತಿ ಇದ್ದಲ್ಲಿ ಸುಮಾರು 140 ಸಿಗುತ್ತದೆ, ದಿನನಿತ್ಯದ ಓಡಾಟಕ್ಕೆ ಅದು ಧಾರಾಳ. ಇದಕ್ಕಿಂತ ದೊಡ್ಡ ಎಂಜಿನ್ ತುರುಕಬಹುದಿತ್ತಲ್ಲ ಎಂದು ಕೇಳಿದವರಿದ್ದಾರೆ. ಮೊದಲ ಸಲ ಈ ಕೆಲಸಕ್ಕೆ ಕೈಹಾಕುವವರಿಗೆ ನನ್ನ ಸಲಹೆ, ಅದೇ ತಯಾರಕರ, ಅದೇ ಕಾಲದ, ಹತ್ತಿರದ ಸಂಬಂಧಿಯಾದ ಎಂಜಿನ್ನನ್ನೇ ಆರಿಸಿ. ಸಂಬಂಧ ದೂರವಾದಷ್ಟೂ ರೆಫರಿಯ ಪ್ರಶ್ನೆಗಳು ಹೆಚ್ಚುತ್ತವೆ.

ಜಪಾನಿನಿಂದ ಹಡಗಿನಲ್ಲಿ ಬಂದ ಎಂಜಿನ್‌ಗಳು ಅಗ್ಗವಾಗಿ ಸಿಗುತ್ತವೆ, ಹೆಚ್ಚು ಓಡಿರುವುದೂ ಇಲ್ಲ. ಆಸೆಯಾಗುವುದು ಸಹಜ. ಅವು ಜಪಾನಿನ ಮಾರುಕಟ್ಟೆಗಾಗಿ ತಯಾರಾದವು, ಅಮೆರಿಕದ ಪ್ರಮಾಣಪತ್ರ ಅವುಗಳ ಜೊತೆ ಬರುವುದಿಲ್ಲ. ಅಮೆರಿಕದಲ್ಲಿ ಮಾರಾಟವಾದ ಯಾವ ಎಂಜಿನ್ನಿಗೆ ಅದು ಸಮ ಎಂದು ರೆಫರಿ ಒಪ್ಪಿಕೊಳ್ಳುತ್ತಾರೆ ಎಂಬುದನ್ನು ದುಡ್ಡು ಕೊಡುವ ಮುಂಚೆಯೇ ಫೋನ್ ಮಾಡಿ ಕೇಳಿ. ರೆಫರಿ ಕಾರ್ಯಕ್ರಮದ ಸಹಾಯವಾಣಿ ಇರುವುದೇ ಅದಕ್ಕೆ, ಅವರು ತಾಳ್ಮೆಯಿಂದ ಉತ್ತರಿಸುತ್ತಾರೆ. ನಾನು ಮೂರು ಸಲ ಕರೆ ಮಾಡಿದ್ದೇನೆ.

1995 ಅಥವಾ ಅದಕ್ಕೂ ಹಿಂದಿನ ಕಾರಿಗೆ ಷೆವರ್ಲೆಯ ವಿ8 ಹಾಕುವ ಕನಸಿದ್ದವರಿಗೆ ಜನರಲ್ ಮೋಟಾರ್ಸ್‌ನ ಇ-ರಾಡ್ ಹೆಸರಿನ ಕಿಟ್ ಇದೆ. ಎಂಜಿನ್, ಕನ್ವರ್ಟರ್, ಸೆನ್ಸರ್, ಇಸಿಯು, ಆವಿಡಬ್ಬಿ ಎಲ್ಲವೂ ಒಂದೇ ಕಂತೆಯಾಗಿ, ಕಾರ್ಬ್ ಅನುಮತಿಯ ಸಮೇತ ಬರುತ್ತವೆ. ದುಬಾರಿ ಹೌದು. ಮಣ್ಣಿನ ಸಮೇತ ಸಸಿ ಎಂದೆನಲ್ಲ, ಇದು ಕುಂಡದ ಸಮೇತ ಸಸಿ.

ಗುಜರಿ ಅಂಗಳದಲ್ಲಿ ಒಂದು ಇಡೀ ದಿನ

ಸಾಧ್ಯವಾದರೆ ಅಪಘಾತವಾದ ಇಡೀ ಕಾರನ್ನೇ ಕೊಳ್ಳಿ. ಬಿಡಿ ಎಂಜಿನ್ ಕೊಂಡು ಉಳಿದದ್ದನ್ನು ಒಂದೊಂದಾಗಿ ಹುಡುಕುತ್ತ ಹೊರಟರೆ ಕೊನೆಗೆ ಹೆಚ್ಚು ಖರ್ಚಾಗುವುದು ಅದಕ್ಕೇ. ನನಗೆ ಆದದ್ದೂ ಅದೇ: ಎಂಜಿನ್ ಒಂದು ಕಡೆ, ಇಸಿಯು ಇನ್ನೊಂದು ಕಡೆ, ಕನ್ವರ್ಟರ್ ಮತ್ತೊಂದು ಕಡೆ. "ಎಲ್ಲದಕ್ಕೂ ಆಗುತ್ತದೆ" ಎಂದು ಹೇಳಿ ಮಾರಿದವರ ಮಾತು ನಂಬಿ ಕೊಂಡ ಕನ್ವರ್ಟರೇ ಮೊದಲ ದಿನ ನನ್ನನ್ನು ಫೇಲ್ ಮಾಡಿಸಿದ್ದು.

ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಮೊಟ್ಟಮೊದಲ ಫೋಟೊ ಬಾನೆಟ್ಟಿನ ಒಳಮೈಗೆ ಅಥವಾ ರೇಡಿಯೇಟರಿನ ಬಳಿ ಅಂಟಿಸಿರುವ ಎಮಿಷನ್ ಲೇಬಲ್ಲಿನದ್ದು. ಮಾದರಿ ವರ್ಷ, ಎಂಜಿನ್ ಗಾತ್ರ, ಎಂಜಿನ್ ಕುಟುಂಬದ ಸಂಕೇತ, ಕ್ಯಾಲಿಫೋರ್ನಿಯಾ ಪ್ರಮಾಣ ಹೌದೋ ಅಲ್ಲವೋ, ಯಾವ ಯಾವ ನಿಯಂತ್ರಣ ಭಾಗಗಳಿವೆ, ಟೈಮಿಂಗ್ ಎಷ್ಟು ಡಿಗ್ರಿ ಎಂಬ ವಿವರವೆಲ್ಲ ಅದರಲ್ಲಿದೆ. ವ್ಯಾಕ್ಯೂಮ್ ಕೊಳವೆಗಳ ನಕ್ಷೆಯೂ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಆ ಒಂದು ಹಾಳೆ ದಾನಿ ಕಾರಿನ ಜಾತಕವಿದ್ದಂತೆ. ಅದರ ಜೊತೆಗೆ ದಾನಿ ಕಾರಿನ ವಿಐಎನ್ (ವಾಹನದ ಗುರುತಿನ) ಸಂಖ್ಯೆ ಮತ್ತು ಖರೀದಿಯ ರಸೀದಿ ಇಟ್ಟುಕೊಳ್ಳಿ.

ಬಳಿಕ ಕೀಳಬೇಕಾದವು: ಪೂರ್ತಿ ಏರ್‌ಫಿಲ್ಟರ್ ಡಬ್ಬಿ ಮತ್ತು ಅದರ ಕೊಳವೆ, ಪಿಸಿವಿ ವಾಲ್ವ್ (ಎಂಜಿನ್ನಿನ ಒಡಲಿನ ಆವಿಯನ್ನು ಮತ್ತೆ ಉರಿಯಲು ಕಳುಹಿಸುವುದು), ಇದ್ದರೆ ಇಜಿಆರ್ ವಾಲ್ವ್ (ಹೊಗೆಯ ಸ್ವಲ್ಪ ಭಾಗವನ್ನು ಎಂಜಿನ್ನಿಗೆ ಮರಳಿಸುವುದು), ಇದ್ದಿಲಿನ ಆವಿಡಬ್ಬಿ ಮತ್ತು ಅದರ ಪರ್ಜ್ ವಾಲ್ವ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದರ ಶಾಖ ಕವಚ, ಆಕ್ಸಿಜನ್ ಸೆನ್ಸರುಗಳು, ಇಸಿಯು, ಎಂಜಿನ್ ಹಾರ್ನೆಸ್ (ವೈರುಗಳ ಕಂತೆ). ಕನೆಕ್ಟರನ್ನು ಕತ್ತರಿಸಬೇಡಿ, ಬಿಚ್ಚಿ. ಮ್ಯಾನ್ಯುಅಲ್ ಗೇರಿನ ಕಾರಿಗೆ ಮ್ಯಾನ್ಯುಅಲ್ ಕಾರಿನ ಇಸಿಯುವನ್ನೇ ತನ್ನಿ. ಆಟೊಮ್ಯಾಟಿಕ್ ಕಾರಿನ ಇಸಿಯು ಇಲ್ಲದ ಗೇರ್‌ಬಾಕ್ಸನ್ನು ಹುಡುಕುತ್ತ ದೀಪ ಹೊತ್ತಿಸುತ್ತದೆ.

ಹಳೆಯ ಕನ್ವರ್ಟರ್ ಸತ್ತಿದ್ದರೆ ಹೊಸದು ಬೇಕಾಗುತ್ತದೆ. ಮೂರು ಗಂಟೆಯ ಕೆಲಸವನ್ನು ಮೂರು ತಿಂಗಳಿಗೆ ಎಳೆಯುವ ಜಾಗ ಇದು. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನ ತಯಾರಕರ ಕನ್ವರ್ಟರ್ ಹಾಕಬೇಕಾದರೆ ಅದರ ಮೈಮೇಲೆ ಇಒ ಸಂಖ್ಯೆ ಇರಬೇಕು, ಮತ್ತು ಆ ಆದೇಶದ ಪಟ್ಟಿಯಲ್ಲಿ ನಿಮ್ಮ ದಾನಿ ಕಾರಿನ ವರ್ಷ, ಮಾದರಿ, ಎಂಜಿನ್ ಇರಬೇಕು. ಬೇರೆ ರಾಜ್ಯದಿಂದ ಅರ್ಧ ಬೆಲೆಗೆ ತರಿಸಿದ್ದು ಇಲ್ಲಿ ತೂಕಕ್ಕೆ ಮಾರುವ ಲೋಹವಷ್ಟೇ. ಇಒ ಸಂಖ್ಯೆಗಳನ್ನು ಕಾರ್ಬ್ ಜಾಲತಾಣದಲ್ಲಿ ಹುಡುಕಬಹುದು. ಕೊಳ್ಳುವ ಮುಂಚೆ ಹತ್ತು ನಿಮಿಷ ಹುಡುಕಿ.

ಕೂರಿಸುವಾಗ

ಎಂಜಿನ್ ಇಳಿಸುವುದು, ಗೇರ್ ಲಿಂಕೇಜ್, ಡ್ರೈವ್ ಶಾಫ್ಟ್ ಜೋಡಿಸುವುದು, ಇವಕ್ಕೆಲ್ಲ ಒಳ್ಳೆಯ ಸರ್ವಿಸ್ ಮ್ಯಾನ್ಯುಅಲ್‌ಗಳಿವೆ. ಹೊಗೆ ಪರೀಕ್ಷೆಗೆ ಸಂಬಂಧಪಟ್ಟದ್ದನ್ನು ಮಾತ್ರ ಹೇಳುತ್ತೇನೆ.

ಕನ್ವರ್ಟರನ್ನು ದಾನಿ ಕಾರಿನಲ್ಲಿ ಎಂಜಿನ್ನಿನಿಂದ ಎಷ್ಟು ದೂರದಲ್ಲಿತ್ತೋ ಅಷ್ಟೇ ದೂರದಲ್ಲಿ ಕೂರಿಸಿ. ಅದು ಕೆಲಸ ಶುರುಮಾಡಲು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಹಿಂದಕ್ಕೆ ಸರಿಸಿದರೆ ಬಿಸಿಯಾಗುವುದು ತಡವಾಗುತ್ತದೆ. ನಿಯಮಕ್ಕೂ ಹೊರತು, ಗಾಳಿಗೂ ಕೇಡು.

ಆಕ್ಸಿಜನ್ ಸೆನ್ಸರಿಗೆ ಮುಂಚೆ ಎಕ್ಸಾಸ್ಟಿನಲ್ಲಿ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಆಗ ಸೆನ್ಸರ್ "ಪೆಟ್ರೋಲ್ ಸಾಲದು" ಎಂದು ಸುಳ್ಳು ವರದಿ ಕೊಡುತ್ತದೆ, ಇಸಿಯು ಅದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಗ್ಯಾಸ್ಕೆಟ್ ಎಲ್ಲವನ್ನೂ ಹೊಸದಾಗಿ ಹಾಕಿ.

ಚೆಕ್ ಎಂಜಿನ್ ದೀಪ ಕೀಲಿ ತಿರುಗಿಸಿದಾಗ ಹೊತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಬಲ್ಬ್ ಕಿತ್ತರೂ ಫೇಲ್, ಉರಿಯುತ್ತಲೇ ಇದ್ದರೂ ಫೇಲ್. ಇಸಿಯುವಿಗೆ ಚಿಪ್ ಹಾಕುವುದು, ಹೊಸ ಕಾರುಗಳಲ್ಲಿ ಸಾಫ್ಟ್‌ವೇರ್ ತಿದ್ದುವುದು ಬೇಡವೇ ಬೇಡ. 2021ರ ಜುಲೈನಿಂದ ಸ್ಮಾಗ್ ಚೆಕ್‌ನಲ್ಲಿ ತಿದ್ದಿದ ಸಾಫ್ಟ್‌ವೇರನ್ನೂ ಪತ್ತೆ ಹಚ್ಚುತ್ತಾರೆ. ತಯಾರಕರದ್ದಲ್ಲದ, ಕಾರ್ಬ್ ಅನುಮತಿಯೂ ಇಲ್ಲದ ಸಾಫ್ಟ್‌ವೇರ್ ಕಂಡರೆ ಅಲ್ಲಿಗೇ ಮುಗಿಯಿತು.

ಪರೀಕ್ಷೆಗೆ ಮುಂಚಿನ ಎರಡು ವಾರ

ಹೊಸದಾಗಿ ಕೂರಿಸಿದ ಎಂಜಿನ್ನನ್ನು ಕೆಲವು ದಿನ ಓಡಿಸಿ. ಆಯಿಲ್, ಏರ್‌ಫಿಲ್ಟರ್, ಸ್ಪಾರ್ಕ್ ಪ್ಲಗ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಮತ್ತು ರೋಟರ್ ಬದಲಿಸಿ. ಪೆಟ್ರೋಲ್ ಮುಚ್ಚಳದ ರಬ್ಬರ್ ನೋಡಿ: 1995 ಮತ್ತು ಅದಕ್ಕೂ ಹಿಂದಿನ ಕಾರುಗಳಲ್ಲಿ ಟ್ಯಾಂಕಿನಿಂದ ಆವಿ ಸೋರುತ್ತದೆಯೇ ಎಂದು ಕಡಿಮೆ ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ಮೂವತ್ತು ವರ್ಷ ಹಳೆಯ ರಬ್ಬರ್ ಕೊಳವೆ ಬಿರುಕು ಬಿಟ್ಟಿರುವುದೇ ಹೆಚ್ಚು.

ಬೇ ಏರಿಯಾ, ಲಾಸ್ ಏಂಜಲೀಸ್‌ನಂಥ ಪ್ರದೇಶಗಳಲ್ಲಿ 1999ರವರೆಗಿನ ಕಾರುಗಳನ್ನು ಉರುಳೆಯ ಮೇಲೆ ಓಡಿಸಿ ಹೊಗೆ ಅಳೆಯುತ್ತಾರೆ. ಮೊದಲು ಗಂಟೆಗೆ 15 ಮೈಲಿ, ಆಮೇಲೆ 25 ಮೈಲಿ, ಎರಡರಲ್ಲೂ ಭಾರ ಹೊರಿಸಿ. ಕೆಲವು ಗ್ರಾಮೀಣ ಭಾಗಗಳಲ್ಲಿ ಉರುಳೆ ಇಲ್ಲ, ನಿಂತಲ್ಲೇ ಐಡಲ್ ಮತ್ತು 2500 ಸುತ್ತಿನಲ್ಲಿ ಅಳೆಯುತ್ತಾರೆ. ಅಂಗಡಿಯಲ್ಲಿ ಪ್ರಮಾಣಪತ್ರವಿಲ್ಲದ ಪೂರ್ವಪರೀಕ್ಷೆ ಮಾಡಿಸಿದರೆ ಬರುವ ಅಂಕಿಗಳನ್ನು ಹೀಗೆ ಓದಿ.

ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಅತಿಯಾಗಿದೆ: ಸೋತ ಆಕ್ಸಿಜನ್ ಸೆನ್ಸರ್, ಎಂಜಿನ್ ಸದಾ ತಣ್ಣಗಿದೆ ಎಂದು ಹೇಳುವ ಕೂಲಂಟ್ ಸೆನ್ಸರ್, ಹೆಚ್ಚಿದ ಇಂಧನ ಒತ್ತಡ, ಮುಚ್ಚಿಹೋದ ಏರ್‌ಫಿಲ್ಟರ್. ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ: ಕಿಡಿ ತಪ್ಪುತ್ತಿದೆ, ಅಥವಾ ಮಿಶ್ರಣ ಕಿಡಿಗೆ ಹತ್ತಿಕೊಳ್ಳದಷ್ಟು ತೆಳುವಾಗಿದೆ, ಅಥವಾ ವಾಲ್ವ್ ಸೋರುತ್ತಿದೆ. ನೈಟ್ರೋಜನ್ ಆಕ್ಸೈಡ್ ಹೆಚ್ಚಿದ್ದರೆ ಸಿಲಿಂಡರಿನೊಳಗೆ ಅತಿಯಾದ ಶಾಖವಿದೆ: ಮುಂದೆ ಹೋದ ಟೈಮಿಂಗ್, ತೆಳು ಮಿಶ್ರಣ, ಇಂಗಾಲದ ಪದರ, ಸೋತ ರೇಡಿಯೇಟರ್, ಕೆಲಸ ಮಾಡದ ಇಜಿಆರ್. ಮೂರೂ ಒಟ್ಟಿಗೆ ಹೆಚ್ಚಿದ್ದರೆ ಕನ್ವರ್ಟರಿನ ಮೇಲೆ ಅನುಮಾನ ಪಡಿ.

ನನ್ನ ಕಾರಿನಲ್ಲಿ ಮೊದಲೆರಡು ಬಹಳ ಕಡಿಮೆ ಇದ್ದವು, ನೈಟ್ರೋಜನ್ ಆಕ್ಸೈಡ್ ಮಾತ್ರ ಮಿತಿ ದಾಟಿತ್ತು. ಎರಡು ರಾತ್ರಿ ನಿದ್ದೆಗೆಟ್ಟು ಕೊನೆಗೆ ಟೈಮಿಂಗ್ ಲೈಟ್ ಹಿಡಿದೆ. ಡಿಸ್ಟ್ರಿಬ್ಯೂಟರನ್ನು ಕಣ್ಣಂದಾಜಿನಲ್ಲಿ ಕೂರಿಸಿದ್ದೆ, 20 ಡಿಗ್ರಿಯಲ್ಲಿತ್ತು. ಈ ಎಂಜಿನ್ನಿಗೆ ಬೇಕಾದದ್ದು 16. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಡ್ಯಾಶ್‌ಬೋರ್ಡಿನ ಕೆಳಗಿನ ಎರಡು ಪಿನ್ನಿನ ಸರ್ವಿಸ್ ಕನೆಕ್ಟರನ್ನು ತಂತಿಯಿಂದ ಜೋಡಿಸಬೇಕು. ಆಗ ಇಸಿಯು ಟೈಮಿಂಗನ್ನು ತಾನಾಗಿ ಹಿಂದೆಮುಂದೆ ಮಾಡುವುದನ್ನು ನಿಲ್ಲಿಸುತ್ತದೆ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಮೇಲಿನ ಗುರುತು ಸೂಜಿಗೆ ಹೊಂದುವವರೆಗೆ ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ತಿರುಗಿಸಬೇಕು. ಹತ್ತು ನಿಮಿಷದ ಕೆಲಸ. ಮರುದಿನ ಅಂಕಿ ಮಿತಿಯ ಒಳಗೆ ಬಂದಿತ್ತು. ಮಾಪಕದ ಪರದೆ ನೋಡಿದಾಗ ಎದೆಯ ಭಾರ ಇಳಿದಂತಾಯಿತು.

ಒಬಿಡಿ-2 ಎಂಜಿನ್ ಹಾಕಿದವರ ಕಷ್ಟ ಬೇರೆ. ಬ್ಯಾಟರಿ ಬಿಚ್ಚಿದರೆ ಅಥವಾ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಅಳಿಸಿದರೆ ಕಂಪ್ಯೂಟರಿನ ಸ್ವಯಂ ತಪಾಸಣೆಗಳು, ಅಂದರೆ ಮಾನಿಟರ್‌ಗಳು, ಅಪೂರ್ಣ ಎಂದಾಗಿಬಿಡುತ್ತವೆ. 1996–99ರ ಪೆಟ್ರೋಲ್ ಕಾರುಗಳಲ್ಲಿ ಯಾವುದಾದರೂ ಒಂದು ಅಪೂರ್ಣವಾಗಿದ್ದರೆ ಬಿಡುತ್ತಾರೆ. 2000 ಮತ್ತು ಅನಂತರದವುಗಳಲ್ಲಿ ಆವಿ ವ್ಯವಸ್ಥೆಯದ್ದಕ್ಕೆ ಮಾತ್ರ ವಿನಾಯಿತಿ. ಎಂಜಿನ್ ಬದಲಿಸಿದವರು ಈ ವಿನಾಯಿತಿಯನ್ನು ನೆಚ್ಚಿಕೊಳ್ಳದೆ ಎಲ್ಲವನ್ನೂ ಪೂರ್ಣಗೊಳಿಸಿಕೊಂಡೇ ಹೋಗಿ. ರಾತ್ರಿಯಿಡೀ ತಣ್ಣಗೆ ನಿಂತ ಕಾರನ್ನು, ಟ್ಯಾಂಕ್ ತುಂಬಿಯೂ ಇರದೆ ಖಾಲಿಯೂ ಆಗದೆ ಅರ್ಧದಲ್ಲಿರುವಾಗ, ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ. ಆಮೇಲೆ ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿಯ ಆಸುಪಾಸು ಸಮವೇಗದಲ್ಲಿ ಓಡಿಸಿ. ಕಾಲು ತೆಗೆದು ಬ್ರೇಕ್ ಇಲ್ಲದೆ ತಾನೇ ನಿಧಾನವಾಗಲು ಬಿಡಿ. ಕೆಲವು ದಿನ ಹೀಗೆ ಮಾಡಿದರೆ ಮಾನಿಟರ್‌ಗಳು ಒಂದೊಂದಾಗಿ ಪೂರ್ಣವಾಗುತ್ತವೆ. ಅಗ್ಗದ ಸ್ಕ್ಯಾನರ್ ಒಂದು ಸಾಕು ನೋಡಿಕೊಳ್ಳಲು. 2010 ಮತ್ತು ಅನಂತರದ ಕಾರುಗಳಲ್ಲಿ ಸ್ಕ್ಯಾನರಿನಿಂದ ಅಳಿಸಲಾಗದ ಶಾಶ್ವತ ಕೋಡುಗಳೂ ಇರುತ್ತವೆ. ದೋಷ ಸರಿಪಡಿಸಿದ ಮೇಲೆ ಓಡಾಟದಿಂದಲೇ ಅವು ಹೋಗಬೇಕು.

ರೆಫರಿಯ ಮುಂದೆ

ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ರೆಫರಿ ಕೇಂದ್ರಗಳು ಹಲವು ಕಡೆ ಕಮ್ಯುನಿಟಿ ಕಾಲೇಜುಗಳ ಆವರಣದಲ್ಲಿವೆ. ಕಾರು ತೊಳೆದು, ಎಂಜಿನ್ ಒರೆಸಿಕೊಂಡು ಹೋಗಿ. ಅಂದಕ್ಕಾಗಿ ಅಲ್ಲ, ಲೇಬಲ್ ಮತ್ತು ಸಂಖ್ಯೆಗಳು ಓದಲು ಸಿಗಬೇಕು. ಕಾರಿನ ನೋಂದಣಿ ಪತ್ರ, ಡಿಎಂವಿ (ವಾಹನ ನೋಂದಣಿ ಇಲಾಖೆ) ಕಳುಹಿಸಿದ ನೋಟಿಸ್, ದಾನಿ ಕಾರಿನ ಎಮಿಷನ್ ಲೇಬಲ್ಲಿನ ಫೋಟೊ, ವಿಐಎನ್, ರಸೀದಿಗಳು, ಪ್ರತಿಯೊಂದು ಇಒ ಆದೇಶದ ಮುದ್ರಿತ ಪ್ರತಿ, ಇವೆಲ್ಲ ಒಂದು ಫೈಲಿನಲ್ಲಿರಲಿ. ಎಂಜಿನ್ ಬಿಸಿಯಾಗಿಯೇ ಒಳಗೆ ಹೋಗಲಿ. ತಣ್ಣಗಿನ ಕನ್ವರ್ಟರ್ ಯಾವ ಕಾರನ್ನೂ ಪಾಸು ಮಾಡಿಸುವುದಿಲ್ಲ.

ರೆಫರಿಯನ್ನು ಎದುರಾಳಿ ಎಂದು ತಿಳಿಯಬೇಡಿ. ನನ್ನ ಕಾರನ್ನು ತಿರಸ್ಕರಿಸಿದವರೇ ಯಾವ ಬಗೆಯ ಕನ್ವರ್ಟರ್ ಹುಡುಕಬೇಕು ಎಂಬುದನ್ನೂ ವಿವರಿಸಿದರು. ಇನ್‌ಟೇಕ್ ಕೊಳವೆಗೆ ಇಒ ಲೇಬಲ್ ಇಲ್ಲ ಎಂದರು, ನಾನು ಮೂಲ ಏರ್‌ಫಿಲ್ಟರ್ ಡಬ್ಬಿಯನ್ನೇ ಮತ್ತೆ ಹಾಕಿದೆ. ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಿ. ಎಂಜಿನ್ ಯಾವ ವರ್ಷದ್ದು ಎಂಬುದನ್ನು ಮುಚ್ಚಿಡುವ ಪ್ರಯತ್ನ ಮಾಡಬೇಡಿ.

ಕಣ್ಣಿನ ಪರಿಶೀಲನೆ, ಟೈಮಿಂಗ್, ಆವಿ ಸೋರಿಕೆ, ಗೋಚರ ಹೊಗೆ, ಹೊಗೆಯ ಅಳತೆ ಎಲ್ಲ ಮುಗಿದು ಪಾಸಾದರೆ ಬಾಗಿಲ ಚೌಕಟ್ಟಿನ ಬಳಿ ಬಿಎಆರ್ ಲೇಬಲ್ ಅಂಟಿಸುತ್ತಾರೆ. ಈ ಕಾರಿನಲ್ಲಿ ಯಾವ ಎಂಜಿನ್ ಇದೆ, ಯಾವ ಭಾಗಗಳಿರಬೇಕು ಎಂಬುದು ಅದರಲ್ಲಿರುತ್ತದೆ. ಮುಂದಿನ ಸಲದಿಂದ ಸಾಮಾನ್ಯ ಸ್ಮಾಗ್ ಕೇಂದ್ರಕ್ಕೇ ಹೋಗಬಹುದು, ಅಲ್ಲಿಯವರು ಆ ಲೇಬಲ್ ನೋಡಿಕೊಂಡು ಪರೀಕ್ಷಿಸುತ್ತಾರೆ. ಡಿಎಂವಿ ನೋಟಿಸಿನಲ್ಲಿ ಸ್ಟಾರ್ ಕೇಂದ್ರ (ಬಿಎಆರ್‌ನ ಹೆಚ್ಚಿನ ಮಾನದಂಡ ಪೂರೈಸಿದ ಕೇಂದ್ರ) ಎಂದಿದ್ದರೆ ಅಂಥದ್ದಕ್ಕೇ ಹೋಗಬೇಕು.

ಊರಿನಲ್ಲಿ ಇದೇ ಕೆಲಸ?

ಹಾಸನದಲ್ಲಿರುವ ತಮ್ಮ ನನ್ನ ಕಾರಿನ ಫೋಟೊ ನೋಡಿ, "ಅಣ್ಣ, ನಮ್ಮ ಹಳೆಯ ಕಾರಿಗೂ ಹೀಗೆ ಮಾಡೋಣವೇ?" ಎಂದು ಕೇಳಿದ. ಅವನಿಗೆ ಬೇಡವೆಂದೇ ಹೇಳಿದೆ. ಭಾರತದಲ್ಲಿ ಕಾರಿನ ಎಂಜಿನ್ ಸಂಖ್ಯೆ ಆರ್‌ಸಿಯಲ್ಲೇ ಇರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಂದ ದೂರ ಸರಿಯುವಂತೆ ವಾಹನವನ್ನು ಬದಲಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು.

ಪಿಯುಸಿ ಕೇಂದ್ರದಲ್ಲಿ ಬಿಎಸ್-4 ಪೆಟ್ರೋಲ್ ಕಾರು ಐಡಲ್‌ನಲ್ಲಿ 0.3 ಶೇಕಡಾ ಕಾರ್ಬನ್ ಮಾನಾಕ್ಸೈಡ್, 200 ಪಿಪಿಎಂ ಹೈಡ್ರೋಕಾರ್ಬನ್ ಮಿತಿಯೊಳಗೆ ಬಂದರೆ ಪ್ರಮಾಣಪತ್ರ ಸಿಗಬಹುದು. ಆ ಕಾಗದ ಹೊಗೆಯ ಬಗ್ಗೆ ಮಾತ್ರ ಹೇಳುತ್ತದೆ, ಎಂಜಿನ್ ಬದಲಾವಣೆಯನ್ನು ಸಕ್ರಮ ಮಾಡುವುದಿಲ್ಲ. ಎಂಜಿನ್ ಕೆಟ್ಟುಹೋಗಿ ಅದೇ ಮಾದರಿಯ ಇನ್ನೊಂದನ್ನು ಹಾಕಬೇಕಾಗಿ ಬಂದರೂ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಅನುಮತಿ ಕೇಳಿ, ಕೆಲಸದ ನಂತರ ಹೊಸ ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು.

ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇನ್ನೊಂದು ಮಾತು. ಲೇಬಲ್ ಸಿಕ್ಕಿತೆಂದು ರೆಫರಿಗೆ ತೋರಿಸಿದ ಫೈಲನ್ನು ಎಸೆಯಬೇಡಿ. ನನ್ನದು ಕಾರಿನ ಗ್ಲೋವ್ ಬಾಕ್ಸಿನಲ್ಲೇ ಇದೆ, ಕನ್ವರ್ಟರಿನ ಇಒ ಆದೇಶ ಮೇಲಿನ ಹಾಳೆ. ಕಾರು ಮಾರುವಾಗ ಕೀಲಿಯ ಜೊತೆ ಆ ಫೈಲನ್ನೂ ಕೊಡಬೇಕು, ಏಕೆಂದರೆ ಖಾಸಗಿಯಾಗಿ ಮಾರಿದರೆ ಹೊಸ ಸ್ಮಾಗ್ ಪ್ರಮಾಣಪತ್ರ ಒದಗಿಸುವ ಹೊಣೆ ಮಾರುವವರದ್ದು, ಆ ಬಳಿಕದ ಪರೀಕ್ಷೆಗಳೆಲ್ಲ ಕೊಂಡವರ ಹೆಗಲಿಗೆ.